ಕ್ರಮವಿಧಿ ಭಾಷೆಗಳಲ್ಲಿ ಸಂಯುಕ್ತ ಕೀಲಿ

ಗಣಕಯಂತ್ರದ ಕ್ರಮವಿಧಿಗಳಲ್ಲಿ ಒಂದು ಮೌಲ್ಯವನ್ನು ಅದಕ್ಕೆ ನಿಯತವಾದ ಕೀಲಿಯ ಮೂಲಕ ಹುಡುಕಿ ತೆಗೆಯಲು ಅನುವಾಗುವಂತೆ ರಚಿಸಿದ ದತ್ತಾಂಶ ವಿನ್ಯಾಸಕ್ಕೆ ಮ್ಯಾಪ್, ಡಿಕ್ಷನರಿ, ಹ್ಯಾಶ್ ಟೇಬಲ್ ಎಂಬ ಹೆಸರುಗಳುಂಟು. ಆ ಕೀಲಿಯು ಬರಿಯ ಒಂದು ಅಂಕಿಯಾಗಲಿ ಒಂದು ಪದವಾಗಲಿ ಆಗಿರದೆ, ಎರಡು ಅಥವಾ ಹೆಚ್ಚು ಅಂಗಗಳು ಕೂಡಿ ಆದ ವಸ್ತುವಾಗಿದ್ದ ಪಕ್ಷದಲ್ಲಿ ಅದು ಸಂಯುಕ್ತ ಕೀಲಿ ಎನಿಸಿಕೊಳ್ಳುತ್ತದೆ. ಹಾವೇರಿ ಜಿಲ್ಲೆ, ಸವಣೂರು ತಾಲ್ಲೂಕು, ಹತ್ತಿಮತ್ತೂರು ಗ್ರಾಮ, ಇಂಥ ಸರ್ವೆ ನಂಬರು, ಇಂಥ ಹಿಸ್ಸೆ ಎಂದು ಹೇಳಿದಲ್ಲದೆ ಆ ಊರಿನ ಒಂದು ಹೊಲದ ಉತಾರ ದೊರೆಯದಿರುವಂತೆ, ಈ ಅಂಗಗಳಲ್ಲಿ ಯಾವುದೊಂದೂ ತಾನೇ ಸಾಲದು. ಎಲ್ಲವೂ ಕೂಡಿದಾಗ ಮಾತ್ರ ನಿರ್ದೇಶ ಸಂಪೂರ್ಣವಾಗುತ್ತದೆ.

ಇಂಥ ಕೀಲಿಯನ್ನು ಬಳಸುವ ಭಾಷೆಯು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕಾಗುತ್ತದೆ. ಬೇರೆ ಬೇರೆ ಕಾಲದಲ್ಲಿ ರಚಿತವಾದ ಎರಡು ಸಂಯುಕ್ತ ವಸ್ತುಗಳನ್ನು ಯಾವಾಗ ಒಂದೇ ಕೀಲಿಯೆಂದು ಎಣಿಸಬೇಕು ಎಂಬುದು ಮೊದಲನೆಯದು. ಒಮ್ಮೆ ಮ್ಯಾಪಿನಲ್ಲಿ ಸೇರಿದ ಕೀಲಿಯ ಒಂದು ಅಂಗ ಆಮೇಲೆ ಬದಲಾದರೆ ಆಗುವುದೇನು ಎಂಬುದು ಎರಡನೆಯದು. 1950ರ ದಶಕದಿಂದ ಈಚೆಗೆ ಹುಟ್ಟಿದ ಭಾಷೆಗಳು ಈ ಪ್ರಶ್ನೆಗಳನ್ನು ಬಿಡಿಸಿದ ಬಗೆಯೇ ಸಂಯುಕ್ತ ಕೀಲಿಯ ಇತಿಹಾಸ.

ಗಣಕಪೂರ್ವ ಪದ್ಧತಿಗಳು

ಅನೇಕ ಅಂಗಗಳನ್ನು ಕೂಡಿಸಿ ಒಂದು ವಸ್ತುವನ್ನು ನಿರ್ದೇಶಿಸುವ ಕ್ರಮವು ಗಣಕಯಂತ್ರಕ್ಕಿಂತ ಹಳೆಯದು. ಮುಂಬಯಿ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪಿಸಿ 1847ರ ಜಂಟಿ ವರದಿಯಲ್ಲಿ ವ್ಯವಸ್ಥಿತಗೊಳಿಸಿದ ಭೂಮಾಪನ ಪದ್ಧತಿಯು ಧಾರವಾಡ ಜಿಲ್ಲೆಗೂ ವ್ಯಾಪಿಸಿ, ಪ್ರತಿಯೊಂದು ಗ್ರಾಮದ ಹೊಲಗಳಿಗೂ ಒಂದರಿಂದ ಮೊದಲಾಗಿ ಸರ್ವೆ ನಂಬರುಗಳನ್ನು ಕೊಟ್ಟಿತು. ಪ್ರತಿ ಗ್ರಾಮದಲ್ಲಿಯೂ ಎಣಿಕೆ ಒಂದರಿಂದಲೇ ಆರಂಭವಾಗುವುದರಿಂದ ನಂಬರು ಗ್ರಾಮದ ಹೆಸರಿನೊಡನೆ ಮಾತ್ರ ಅರ್ಥವುಳ್ಳದ್ದಾಗಿತ್ತು. ಮುಂದೆ ಅಣ್ಣತಮ್ಮಂದಿರ ಪಾಲುಗಳಲ್ಲಿ ಹೊಲಗಳು ಒಡೆದು, 1903ರ ಹಕ್ಕುದಾಖಲೆಯ ಕಾಯಿದೆಯ ತರುವಾಯ ಆ ಪಾಲುಗಳೂ ದಫ್ತರಕ್ಕೆ ಏರಲು, ಹಿಸ್ಸೆಯ ಅಂಕಿ ಇನ್ನೊಂದು ಅಂಗವಾಗಿ ಸೇರಿಕೊಂಡಿತು.

ಶಾಸನಗಳ ವಿಷಯದಲ್ಲಿಯೂ ಇಂಥದೇ ಪದ್ಧತಿ ಬೆಳೆಯಿತು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಮೈಸೂರು ಸಂಸ್ಥಾನದ ಪ್ರತಿಯೊಂದು ಶಾಸನವೂ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆ ಎಂಬ ಜೋಡಿಯಿಂದ ಗುರುತಿಸಲ್ಪಡುತ್ತದೆ. ಸಂಸ್ಥಾನದ ಹೊರಗಿದ್ದ ಹತ್ತಿಮತ್ತೂರಿನ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಶಾಸನವನ್ನು ಜೆ. ಎಫ್. ಫ್ಲೀಟ್ ಎಪಿಗ್ರಾಫಿಯ ಇಂಡಿಕದ ಆರನೆಯ ಸಂಪುಟದಲ್ಲಿ ಪ್ರಕಟಿಸಿದುದರಿಂದ, ವಿದ್ವಾಂಸರು ಅದನ್ನು ಸಂಪುಟ ಮತ್ತು ಪುಟಗಳ ಜೋಡಿಯಿಂದ ಉಲ್ಲೇಖಿಸುತ್ತಾರೆ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ರೈಸರ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಲು ತೊಡಗಿದ ಮೇಲೆ ಸಂಖ್ಯೆಗಳು ಬದಲಾದುವು. ಆದಕಾರಣ ಆವೃತ್ತಿಯ ನಿರ್ದೇಶವೂ ಕೀಲಿಯ ಒಂದು ಅಂಗವಾಗಬೇಕಾಯಿತು.

ಅಂಗಗಳ ನಡುವಣ ಸಂಧಿಯನ್ನು ಸೂಚಿಸುವ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಎದುರಿಸಿದವರು ಎಸ್. ಆರ್. ರಂಗನಾಥನ್. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದಲ್ಲಿ ಗ್ರಂಥದ ವಿಷಯವನ್ನು ಮುಖಗಳಾಗಿ ವಿಭಾಗಿಸಿ, ಆ ಮುಖಗಳ ಸಂಕೇತಗಳನ್ನು ವಿರಾಮಚಿಹ್ನೆಯಿಂದ ಜೋಡಿಸಲಾಗುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಒಂದೊಂದು ಬಗೆಯ ಮುಖಕ್ಕೆ ಒಂದೊಂದು ಚಿಹ್ನೆ ನಿಯತವಾಯಿತು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಂಗನಾಥನ್ ಅವರು 1962ರಲ್ಲಿ ಅಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದಲ್ಲಿ ಈ ವಿಚಾರವನ್ನು ಕಡೆಯವರೆಗೂ ಬೆಳೆಸಿದರು.

ಹ್ಯಾಶ್ ಪದ್ಧತಿಯ ಉದಯ

ಕೀಲಿಯಿಂದ ಒಂದು ಅಂಕಿಯನ್ನು ಗಣಿಸಿ, ಆ ಅಂಕಿಯನ್ನೇ ಸ್ಮೃತಿಯ ಸ್ಥಾನವೆಂದು ಹಿಡಿದು ನೇರವಾಗಿ ಅಲ್ಲಿಗೆ ಹೋಗುವ ಉಪಾಯವನ್ನು ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1953ರ ಜನವರಿಯ ಒಂದು ಆಂತರಿಕ ಟಿಪ್ಪಣಿಯಲ್ಲಿ ಬರೆದನು. 1956ರಲ್ಲಿ ಆರ್ನಾಲ್ಡ್ ಡ್ಯೂಮಿಯೂ 1957ರಲ್ಲಿ ಡಬ್ಲ್ಯು. ವೆಸ್ಲಿ ಪೀಟರ್ಸನ್ನನೂ ಈ ಉಪಾಯವನ್ನು ಲೋಕಕ್ಕೆ ಪ್ರಕಟಪಡಿಸಿದರು. 1968ರಲ್ಲಿ ರಾಬರ್ಟ್ ಮಾರಿಸ್ ಬರೆದ ಸಮೀಕ್ಷೆಯಿಂದ ಇದು ಕ್ರಮವಿಧಿಕಾರರ ಸಾಮಾನ್ಯ ಸಂಪತ್ತಾಯಿತು. ಈ ಪದ್ಧತಿಯ ಮೂಲನಿಯಮವು ಸಂಕ್ಷಿಪ್ತವಾದುದು: ಸಮವಾದ ಎರಡು ಕೀಲಿಗಳಿಂದ ಗಣಿಸಿದ ಅಂಕಿ, ಎಂದರೆ ಹ್ಯಾಶ್ ಸಂಖ್ಯೆ, ಸಮವಾಗಿಯೇ ಇರತಕ್ಕದ್ದು; ಅಸಮವಾದ ಕೀಲಿಗಳ ಹ್ಯಾಶ್ ಆಕಸ್ಮಿಕವಾಗಿ ಸಮವಾದರೆ, ಅಂಗಾಂಗವಾಗಿ ಹೋಲಿಸಿ ನೋಡಿ ಸಂದೇಹವನ್ನು ಪರಿಹರಿಸಿಕೊಳ್ಳತಕ್ಕದ್ದು. ಆರಂಭದ ಬಳಕೆಯಲ್ಲಿ ಕೀಲಿಯು ಸಾಮಾನ್ಯವಾಗಿ ಒಂದು ಪದವೋ ಸಂಖ್ಯೆಯೋ ಆಗಿದ್ದುದರಿಂದ ಸಮತ್ವವೆಂದರೇನು ಎಂಬ ಜಿಜ್ಞಾಸೆ ಏಳಲಿಲ್ಲ.

ಬೆಸೆದ ಪದವೇ ಕೀಲಿ

ಸಂಯುಕ್ತ ಕೀಲಿಯ ಮೊದಲ ಪರಿಹಾರವು ಅಂಗಗಳನ್ನು ಒಂದೇ ಅಕ್ಷರಮಾಲೆಯಾಗಿ ಬೆಸೆಯುವುದಾಗಿತ್ತು. 1977ರಲ್ಲಿ ಏಹೊ, ವೈನ್‌ಬರ್ಗರ್ ಮತ್ತು ಕರ್ನಿಹನ್ ರಚಿಸಿದ ಆಕ್ ಭಾಷೆಯಲ್ಲಿ ಸರಣಿಯ ಕೀಲಿಗಳೆಲ್ಲವೂ ಅಕ್ಷರಮಾಲೆಗಳೇ. 1985ರ ನೂತನ ಆವೃತ್ತಿಯಲ್ಲಿ ಅಲ್ಪವಿರಾಮದಿಂದ ಬೇರ್ಪಡಿಸಿ ಎರಡು ಮೂರು ಅಂಗಗಳನ್ನು ಬರೆಯಲು ಅವಕಾಶ ದೊರೆತರೂ, ಒಳಗೆ ಅವುಗಳನ್ನು ಆಸ್ಕೀ ಸಂಕೇತಮಾಲೆಯ 28ನೆಯ, ಕಣ್ಣಿಗೆ ಕಾಣದ ಚಿಹ್ನೆಯಿಂದ ಕೂಡಿಸಿ ಒಂದೇ ಮಾಲೆಯನ್ನಾಗಿ ಮಾಡಲಾಗುತ್ತಿತ್ತು. ಆ ಚಿಹ್ನೆಯ ಆವಶ್ಯಕತೆ ಸರ್ವೆ ನಂಬರಿನ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಹನ್ನೊಂದನೆಯ ಸರ್ವೆ ನಂಬರಿನ ಎರಡನೆಯ ಹಿಸ್ಸೆಯನ್ನೂ ಒಂದನೆಯ ಸರ್ವೆ ನಂಬರಿನ ಹನ್ನೆರಡನೆಯ ಹಿಸ್ಸೆಯನ್ನೂ ನಡುವೆ ಏನನ್ನೂ ಇಡದೆ ಬೆಸೆದರೆ ಎರಡೂ 112 ಎಂದೇ ಆಗಿ, ಒಬ್ಬನ ಹೊಲ ಇನ್ನೊಬ್ಬನ ಹೆಸರಿನಲ್ಲಿ ಕಾಣಿಸಿಕೊಳ್ಳುವುದು. ಗ್ರಾಮದ ಲೆಕ್ಕಿಗನಾದ ತಲಾಠಿಯು 11/2, 1/12 ಎಂದು ಅಡ್ಡಗೆರೆ ಹಾಕಿ ಬರೆದದ್ದೂ ಆಕ್ ಭಾಷೆ ಕಾಣದ ಚಿಹ್ನೆಯನ್ನು ಇಟ್ಟದ್ದೂ ಒಂದೇ ಕಾರಣದಿಂದ. ಅಂಗದ ಒಳಗೇ ಆ ಚಿಹ್ನೆ ಬಂದುಬಿಟ್ಟರೆ ಮಾತ್ರ ಉಪಾಯ ಕೈಕೊಡುತ್ತದೆ.

1987ರಲ್ಲಿ ಬಂದ ಪರ್ಲ್ ಭಾಷೆಯು ಆಕ್‌ನ ಇದೇ ಸಂಪ್ರದಾಯವನ್ನು ಅನುಸರಿಸಿತು. ಪಿ.ಎಚ್.ಪಿ. ಭಾಷೆಯಲ್ಲಿ ಇಂದಿಗೂ ಸರಣಿಯ ಕೀಲಿಯಾಗಲು ಪೂರ್ಣಾಂಕ ಮತ್ತು ಅಕ್ಷರಮಾಲೆಗಳಿಗೆ ಮಾತ್ರ ಅಧಿಕಾರವುಂಟು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಆಬ್ಜೆಕ್ಟುಗಳಲ್ಲಿ ಸಂಯುಕ್ತ ವಸ್ತುವನ್ನು ಕೀಲಿಯಾಗಿ ಕೊಟ್ಟರೆ ಅದು ಅಕ್ಷರಮಾಲೆಯಾಗಿ ರೂಪಾಂತರ ಹೊಂದುವ ಭರದಲ್ಲಿ ತನ್ನ ಅಂಗಗಳನ್ನೆಲ್ಲ ಕಳೆದುಕೊಂಡು, ಎಲ್ಲ ಸಾಮಾನ್ಯ ವಸ್ತುಗಳಿಗೂ ಸಮಾನವಾದ ಒಂದೇ ನಾಮಧೇಯವಾಗಿ ಉಳಿಯುತ್ತದೆ. ಎರಡನೆಯ ಹೊಲದ ವಿವರವನ್ನು ಸೇರಿಸಿದೊಡನೆ ಮೊದಲನೆಯದು ಅಳಿಸಿಹೋಗುತ್ತದೆ.

ಇದಕ್ಕಿಂತ ಭಿನ್ನವಾದ ಹಾದಿಯನ್ನು 1966-67ರಲ್ಲಿ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆಗಾಗಿ ರಚಿತವಾದ ಮಂಪ್ಸ್ ಭಾಷೆ ಹಿಡಿಯಿತು. ಅಲ್ಲಿ ಕೀಲಿಯ ಅಂಗಗಳು ಬೆಸೆದುಕೊಳ್ಳದೆ ಒಂದರ ಕೆಳಗೊಂದು ಕವಲುಗಳಾಗಿ ನಿಲ್ಲುತ್ತವೆ. ಆದುದರಿಂದ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಗ್ರಾಮಕ್ಕೆ ಇಳಿಯುವಂತೆ, ಪೂರ್ಣ ಕೀಲಿಯಿಂದ ಒಂದು ದಾಖಲೆಯನ್ನು ತೆಗೆಯುವುದಕ್ಕೂ ಅರ್ಧ ಕೀಲಿಯಿಂದ ಒಂದು ಸಮೂಹವನ್ನು ನೋಡುವುದಕ್ಕೂ ಸಮಾನ ಸೌಕರ್ಯ ದೊರೆಯುತ್ತದೆ.

ಅನನ್ಯತೆ ಮತ್ತು ಸಮತ್ವ

ವಸ್ತುವನ್ನು ಬೆಸೆಯದೆ ವಸ್ತುವಾಗಿಯೇ ಕೀಲಿಯ ಸ್ಥಾನದಲ್ಲಿ ಇರಿಸಿದೊಡನೆ ಎರಡು ಮತಗಳು ತಲೆದೋರುತ್ತವೆ. ಸ್ಮೃತಿಯಲ್ಲಿ ಒಂದೇ ಸ್ಥಾನದಲ್ಲಿರುವ ವಸ್ತು ಮಾತ್ರ ಅದೇ ವಸ್ತು ಎಂಬುದು ಅನನ್ಯತೆಯ ಮತ. ಅಂಗಗಳೆಲ್ಲ ಸಮವಾಗಿದ್ದರೆ ಸ್ಥಾನ ಬೇರೆಯಾದರೂ ಅದೇ ವಸ್ತು ಎಂಬುದು ಸಮತ್ವದ ಮತ. ಈ ಭೇದವನ್ನು ಅತ್ಯಂತ ಸ್ಪಷ್ಟವಾಗಿ ಗ್ರಹಿಸಿದುದು ಲಿಸ್ಪ್ ಪರಂಪರೆ. 1984ರಲ್ಲಿ ಗೈ ಸ್ಟೀಲ್ ನಿರೂಪಿಸಿದ ಕಾಮನ್ ಲಿಸ್ಪ್ ಭಾಷೆಯಲ್ಲಿ ಹ್ಯಾಶ್ ಟೇಬಲನ್ನು ರಚಿಸುವಾಗಲೇ, ಯಾವ ಅರ್ಥದ ಸಮತ್ವವನ್ನು ಅದು ಅನುಸರಿಸಬೇಕೆಂಬುದನ್ನು ಈಕ್ಯು, ಈಕ್ಯುಎಲ್, ಈಕ್ವಲ್ ಎಂಬ ಪರೀಕ್ಷೆಗಳಿಂದ ಕ್ರಮವಿಧಿಕಾರನು ಆರಿಸಿಕೊಳ್ಳಬಹುದಾಗಿತ್ತು. ಈಕ್ವಲ್ ಪರೀಕ್ಷೆಯಲ್ಲಿ ಹನ್ನೊಂದು ಮತ್ತು ಎರಡರ ಪಟ್ಟಿ ಎಷ್ಟು ಸಲ ಹೊಸದಾಗಿ ಕಟ್ಟಿದರೂ ಅದೇ ಕೀಲಿ; ಈಕ್ಯು ಪರೀಕ್ಷೆಯಲ್ಲಿ ಪ್ರತಿ ಸಲವೂ ಬೇರೆ ಕೀಲಿ.

ಉಳಿದ ಭಾಷೆಗಳು ಬಹುಮಟ್ಟಿಗೆ ಒಂದೊಂದು ಮತವನ್ನು ಹಿಡಿದುವು. 1993ರ ಲೂವಾ ಭಾಷೆಯಲ್ಲಿ ಟೇಬಲುಗಳು ಕೀಲಿಯಾದಾಗ ಅನನ್ಯತೆಯೇ ಪ್ರಮಾಣ. ಜಾವಾಸ್ಕ್ರಿಪ್ಟಿಗೆ 2015ರಲ್ಲಿ ಸೇರಿದ ಮ್ಯಾಪ್ ಎಂಬ ರಚನೆಯು ವಸ್ತುವನ್ನು ಕೀಲಿಯಾಗಿ ಸ್ವೀಕರಿಸಿತಾದರೂ ಅನನ್ಯತೆಯನ್ನೇ ನೋಡುವುದರಿಂದ, ಸಂಯುಕ್ತ ಕೀಲಿ ಬೇಕಾದವರು ಅಂಗಗಳನ್ನು ಬೆಸೆದು ಅಕ್ಷರಮಾಲೆ ಮಾಡುವ ಹಳೆಯ ಅಭ್ಯಾಸವನ್ನು ಬಿಡಲಾಗಲಿಲ್ಲ. ಅಂಗಗಳಿಂದ ಸಮತ್ವವನ್ನು ನಿರ್ಣಯಿಸುವ ರೆಕಾರ್ಡ್ ಮತ್ತು ಟ್ಯೂಪಲ್‌ಗಳನ್ನು ಆ ಭಾಷೆಗೆ ತರುವ ಸೂಚನೆಯನ್ನು 2025ರಲ್ಲಿ ಹಿಂತೆಗೆದುಕೊಳ್ಳಲಾಯಿತು.

1996ರಲ್ಲಿ ಬಂದ ಜಾವಾ ಭಾಷೆಯು ಅನನ್ಯತೆಯನ್ನು ಸಹಜ ಸ್ಥಿತಿಯೆಂದು ಇಟ್ಟು, ಸಮತ್ವ ಬೇಕಾದವನು ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎಂಬ ಎರಡು ವಿಧಾನಗಳನ್ನು ತಾನೇ ಬರೆಯತಕ್ಕದ್ದೆಂದು ವಿಧಿಸಿತು. ಒಂದನ್ನು ಬರೆದು ಇನ್ನೊಂದನ್ನು ಮರೆತ ಕ್ರಮವಿಧಿಯಲ್ಲಿ ಸಮವಾದ ಕೀಲಿಗಳು ಹ್ಯಾಶ್ ಟೇಬಲಿನ ಬೇರೆ ಬೇರೆ ಸ್ಥಾನಗಳಿಗೆ, ಎಂದರೆ ಗೂಡುಗಳಿಗೆ, ಹೋಗಿ, ಇಟ್ಟ ದಾಖಲೆ ಇಟ್ಟಲ್ಲಿಯೇ ಇದ್ದರೂ ಹುಡುಕಿದವನಿಗೆ ಸಿಗದಂತಾಗುತ್ತಿತ್ತು. 2001ರಲ್ಲಿ ಪ್ರಕಟವಾದ ಜೋಶುವಾ ಬ್ಲಾಕ್‌ನ ‘ಎಫೆಕ್ಟಿವ್ ಜಾವಾ’ ಗ್ರಂಥವು ಈ ದೋಷವನ್ನು ವಿಶದವಾಗಿ ಚರ್ಚಿಸಿತು. ಆ ಎರಡು ವಿಧಾನಗಳನ್ನೂ ಅಂಗಗಳಿಂದ ತಾನೇ ನಿಷ್ಪನ್ನ ಮಾಡಿಕೊಡುವ ರೆಕಾರ್ಡ್ ಎಂಬ ಸಂಕ್ಷಿಪ್ತ ರೂಪ ಜಾವಾದಲ್ಲಿ ಸ್ಥಿರವಾದುದು 2021ರಲ್ಲಿ. ಸಿ ಶಾರ್ಪ್ ಭಾಷೆಯಲ್ಲಿ ಅದರ ಸಂವಾದಿಯು 2020ರಲ್ಲಿಯೇ ಬಂದಿತ್ತು.

ಅವಿಕಾರಿತ್ವದ ನಿಯಮ

ಕೀಲಿಯ ಸ್ಥಾನವು ಅದರ ಅಂಗಗಳಿಂದಲೇ ನಿರ್ಣಯವಾಗುವುದರಿಂದ, ಸ್ಥಾನ ದೊರೆತ ಮೇಲೆ ಅಂಗಗಳು ವಿಕಾರ ಹೊಂದಿದರೆ ದಾಖಲೆಯು ಹಳೆಯ ಗೂಡಿನಲ್ಲಿಯೇ ಉಳಿದು ಹುಡುಕಾಟವು ಹೊಸ ಗೂಡಿಗೆ ಹೋಗುತ್ತದೆ. ಗೈಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಈ ಸಂಕಟವನ್ನು ವಸ್ತುಭೇದದಿಂದಲೇ ತಡೆಯಿತು: ಬದಲಾಗಬಲ್ಲ ಲಿಸ್ಟಿಗೆ ಕೀಲಿಯಾಗುವ ಅಧಿಕಾರವಿಲ್ಲ, ಬದಲಾಗದ ಟ್ಯೂಪಲ್‌ಗೆ ಉಂಟು, ಟ್ಯೂಪಲ್‌ನ ಒಳಗೆ ಒಂದು ಲಿಸ್ಟ್ ಸೇರಿಕೊಂಡಿದ್ದರೆ ಆ ಅಧಿಕಾರವೂ ಹೋಗುತ್ತದೆ. ಹೀಗಾಗಿ ಗ್ರಾಮ, ಸರ್ವೆ ನಂಬರು, ಹಿಸ್ಸೆ ಎಂಬ ತ್ರಯವನ್ನು ಆವರಣದೊಳಗೆ ಬರೆದರೆ ಸಾಕು, ಬೇರೆ ಯಾವ ವಿಧಾನವನ್ನೂ ಬರೆಯದೆ ಅದು ಕೀಲಿಯಾಗುತ್ತದೆ. ಸಂಯುಕ್ತ ಕೀಲಿಯು ಸಾಮಾನ್ಯ ಕ್ರಮವಿಧಿಕಾರನ ಕೈಗೆ ಸುಲಭವಾಗಿ ಬಂದುದು ಈ ಮಾರ್ಗದಲ್ಲಿ.

1995ರ ರೂಬಿ ಭಾಷೆ ಇಷ್ಟು ಕಠಿಣವಾಗದೆ ಬದಲಾಗಬಲ್ಲ ಸರಣಿಯನ್ನೂ ಕೀಲಿಯಾಗಲು ಬಿಟ್ಟು, ಬದಲಾವಣೆಯಾದ ಮೇಲೆ ಗೂಡುಗಳನ್ನು ಪುನಃ ಲೆಕ್ಕಹಾಕಿಸುವ ರೀಹ್ಯಾಶ್ ಎಂಬ ವಿಧಾನವನ್ನು ಒದಗಿಸಿತು. 2012ರಲ್ಲಿ ಸ್ಥಿರರೂಪ ತಾಳಿದ ಗೋ ಭಾಷೆಯ ಮೊದಲ ಆವೃತ್ತಿಯು ಸ್ಟ್ರಕ್ಟ್ ಮತ್ತು ನಿಯತ ಉದ್ದದ ಸರಣಿಗಳಿಗೆ ಅಂಗಾಂಗ ಸಮತ್ವವನ್ನು ಭಾಷೆಯಲ್ಲಿಯೇ ವಿಧಿಸಿ, ಅವು ಮ್ಯಾಪಿನ ಕೀಲಿಯಾಗಬಹುದೆಂದು ಘೋಷಿಸಿತು; ಕೀಲಿಯ ಒಂದು ಪ್ರತಿ ಮ್ಯಾಪಿನೊಳಗೆ ಹೋಗುವುದರಿಂದ ಹೊರಗಿನ ಮೂಲ ಬದಲಾದರೂ ಒಳಗಿನದಕ್ಕೆ ಬಾಧೆಯಿಲ್ಲ. 2015ರಲ್ಲಿ ಸ್ಥಿರವಾದ ರಸ್ಟ್ ಭಾಷೆಯಲ್ಲಿ ಮ್ಯಾಪು ಕೀಲಿಯ ಸ್ವಾಮ್ಯವನ್ನೇ ತಾನು ವಹಿಸಿಕೊಳ್ಳುವುದರಿಂದ, ಒಳಗಿರುವ ಕೀಲಿಯನ್ನು ಸಾಮಾನ್ಯ ಮಾರ್ಗದಿಂದ ತಿದ್ದಲು ಭಾಷಾಂತರಕವೇ ಆಸ್ಪದ ಕೊಡುವುದಿಲ್ಲ.

ಕ್ರಮದ ಮಾರ್ಗ

ಹ್ಯಾಶ್ ಇಲ್ಲದೆಯೂ ಮ್ಯಾಪನ್ನು ಕಟ್ಟಬಹುದು. 1998ರಲ್ಲಿ ಪ್ರಮಾಣೀಕೃತವಾದ ಸಿ++ ಭಾಷೆಯ ಮ್ಯಾಪ್ ಕೀಲಿಗಳನ್ನು ಹಿರಿಕಿರಿದಿನ ಕ್ರಮದಲ್ಲಿ ಜೋಡಿಸುತ್ತದೆ. ಜೋಡಿಯು ಕೀಲಿಯಾದಾಗ ಮೊದಲ ಅಂಗವನ್ನು ಹೋಲಿಸಿ, ಅದು ಸಮವಾದರೆ ಮಾತ್ರ ಎರಡನೆಯದಕ್ಕೆ ಹೋಗುವ ಪದಕೋಶದ ಕ್ರಮವೇ ಅಲ್ಲಿ ನಿಯಾಮಕ. ಹ್ಯಾಸ್ಕೆಲ್ ಭಾಷೆಯ ಪ್ರಸಿದ್ಧ ಮ್ಯಾಪ್ ಕೂಡ ಹೀಗೆಯೇ ಕ್ರಮವನ್ನು ಆಶ್ರಯಿಸಿ, ಅಂಗಗಳಿಗೆ ಕ್ರಮವಿದ್ದರೆ ಸಮುದಾಯಕ್ಕೂ ಕ್ರಮವನ್ನು ತಾನೇ ನಿಷ್ಪಾದಿಸಿಕೊಳ್ಳುತ್ತದೆ. ಸಿ++ ಭಾಷೆಗೆ 2011ರಲ್ಲಿ ಹ್ಯಾಶ್ ಆಧಾರದ ಮ್ಯಾಪ್ ಬಂದಾಗ ಜೋಡಿಗಾಗಲಿ ಟ್ಯೂಪಲ್‌ಗಾಗಲಿ ಹ್ಯಾಶ್ ವಿಧಿಯನ್ನು ಪ್ರಮಾಣಗ್ರಂಥ ಕೊಡಲಿಲ್ಲ. ಕ್ರಮವನ್ನು ಆಶ್ರಯಿಸಿದ ಮ್ಯಾಪಿನಲ್ಲಿ ನಿರಾಯಾಸವಾಗಿ ಕೀಲಿಯಾಗುವ ಜೋಡಿಗೆ ಈ ಹೊಸ ಮ್ಯಾಪಿನಲ್ಲಿ ಕ್ರಮವಿಧಿಕಾರನೇ ಹ್ಯಾಶ್ ಬರೆದುಕೊಡಬೇಕಾಯಿತು.

ಅಂಗಗಳ ಹ್ಯಾಶ್‌ಗಳನ್ನು ಕೂಡಿಸುವ ಬಗೆ

ಅಂಗಗಳ ಹ್ಯಾಶ್‌ಗಳಿಂದ ಸಮುದಾಯದ ಹ್ಯಾಶನ್ನು ರಚಿಸುವುದು ತೋರಿಕೆಗೆ ಸುಲಭ, ಆಚರಣೆಯಲ್ಲಿ ಅಪಾಯಕರ. ಬರಿದೆ ಕೂಡಿದರೆ 11/2 ಮತ್ತು 2/11 ಒಂದೇ ಸಂಖ್ಯೆಯನ್ನು ಕೊಡುತ್ತವೆ. ಈ ದೋಷವನ್ನು ಕಳೆಯಲು ಜಾವಾ ಭಾಷೆಯ ಲಿಸ್ಟ್, ಒಂದರಿಂದ ಮೊದಲುಮಾಡಿ ಪ್ರತಿ ಅಂಗಕ್ಕೂ ಹಿಂದಿನ ಫಲವನ್ನು 31ರಿಂದ ಗುಣಿಸಿ ಆ ಅಂಗದ ಹ್ಯಾಶನ್ನು ಕೂಡುತ್ತದೆ. ಆಗ 11 ಮತ್ತು 2ರ ಜೋಡಿಗೆ 1304 ಬರುತ್ತದೆ, 2 ಮತ್ತು 11ರ ಜೋಡಿಗೆ 1034. ಕ್ರಮಭೇದವೇನೋ ಉಳಿಯಿತು, ಆದರೆ 10 ಮತ್ತು 33ರ ಜೋಡಿಗೂ 1304ನ್ನೇ ಕಾಣುತ್ತೇವೆ. ಮೊದಲ ಅಂಗ ಒಂದು ಇಳಿದು ಎರಡನೆಯದು ಮೂವತ್ತೊಂದು ಏರಿದಾಗಲೆಲ್ಲ ಈ ಸಂಘಟ್ಟನೆ ಅನಿವಾರ್ಯವಾದುದರಿಂದ, ಸಣ್ಣ ಪೂರ್ಣಾಂಕಗಳ ಜೋಡಿಗಳು ಬಹುಸಂಖ್ಯೆಯಲ್ಲಿ ಕೀಲಿಗಳಾಗುವ ಕಡೆ ಗೂಡುಗಳು ಅಸಮವಾಗಿ ತುಂಬುತ್ತವೆ. 2014ರ ಎಂಟನೆಯ ಆವೃತ್ತಿಯಲ್ಲಿ ಜಾವಾ, ಅತಿಯಾಗಿ ತುಂಬಿದ ಗೂಡನ್ನು ಕ್ರಮಬದ್ಧ ವೃಕ್ಷವನ್ನಾಗಿ ಮಾರ್ಪಡಿಸಿ ವೇಗಹಾನಿಯನ್ನು ತಗ್ಗಿಸಿತು. ಅದೇ ವರ್ಷ ಕ್ಲೋಜರ್ ಭಾಷೆಯು ತನ್ನ 1.6ನೆಯ ಆವೃತ್ತಿಯಲ್ಲಿ ಸಮುದಾಯಗಳ ಹ್ಯಾಶ್ ವಿಧಿಯನ್ನು ಮರ್ಮರ್ ಪದ್ಧತಿಗೆ ಬದಲಿಸಿತು. ಪೈಥಾನ್ 2019ರ 3.8ನೆಯ ಆವೃತ್ತಿಯಲ್ಲಿ ಟ್ಯೂಪಲ್‌ನ ಹಳೆಯ ವಿಧಿಯನ್ನು ತ್ಯಜಿಸಿ ಎಕ್ಸ್‌ಎಕ್ಸ್‌ಹ್ಯಾಶ್ ಎಂಬುದನ್ನು ಆಧರಿಸಿದ ನೂತನ ವಿಧಿಯನ್ನು ಸ್ವೀಕರಿಸಿತು.

ಸಂಘಟ್ಟನೆಯು ದುರುದ್ದೇಶದಿಂದಲೂ ಉಂಟಾಗಬಹುದೆಂಬುದನ್ನು 2003ರಲ್ಲಿ ಕ್ರಾಸ್ಬಿ ಮತ್ತು ವಾಲಕ್ ತೋರಿಸಿದ್ದರು. 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮಾವೇಶದಲ್ಲಿ ಕ್ಲಿಂಕ್ ಮತ್ತು ವೆಲ್ಡೆ ಅನೇಕ ಭಾಷೆಗಳ ಜಾಲಸೇವೆಗಳನ್ನು ಈ ಮಾರ್ಗದಿಂದ ಸ್ತಬ್ಧಗೊಳಿಸಬಹುದೆಂದು ನಿರೂಪಿಸಿದ ಮೇಲೆ, ಪ್ರತಿ ಚಾಲನೆಗೂ ಹ್ಯಾಶನ್ನು ಯಾದೃಚ್ಛಿಕವಾಗಿ ಬೇರೆ ಮಾಡುವ ಅಭ್ಯಾಸ ಹಬ್ಬಿತು.

ಕನ್ನಡ ಲಿಪಿಯ ಕೀಲಿಗಳು

ಕನ್ನಡದಲ್ಲಿ ಬರೆದ ಊರಿನ ಹೆಸರು ತೋರಿಕೆಗೆ ಸರಳವಾದರೂ ಯೂನಿಕೋಡಿನಲ್ಲಿ ಅದು ತಾನೇ ಒಂದು ಸಂಯುಕ್ತ ವಸ್ತು. ‘ಹತ್ತಿಮತ್ತೂರು’ ಎಂಬ ಐದು ಅಕ್ಷರಗಳ ಹೆಸರು ಹನ್ನೆರಡು ಸಂಕೇತಗಳಿಂದ ಆಗಿದೆ. ‘ಹಾವೇರಿ’ ಎಂಬಲ್ಲಿ ಏತ್ವವನ್ನು ಒಂದೇ ಸಂಕೇತದಿಂದ ಬರೆದರೆ ಒಟ್ಟು ಆರು ಸಂಕೇತಗಳು. ಎತ್ವ ಮತ್ತು ದೀರ್ಘ ಎಂದು ಬಿಡಿಸಿ ಬರೆದರೆ ಏಳು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನ, ಓದುವವನ ಕಣ್ಣಿಗೂ ಭೇದವಿಲ್ಲ. ಆದರೂ ಪೈಥಾನ್, ಜಾವಾ, ಗೋ ಭಾಷೆಗಳು ಸಂಕೇತಗಳನ್ನು ಮಾತ್ರ ಹೋಲಿಸುವುದರಿಂದ ಇವು ಎರಡು ಕೀಲಿಗಳಾಗಿ, ಒಂದೇ ಜಿಲ್ಲೆಯ ದಾಖಲೆಗಳು ಎರಡು ಭಾಗವಾಗುತ್ತವೆ. ಆದುದರಿಂದ ಕೀಲಿಯನ್ನು ಮ್ಯಾಪಿಗೆ ಸೇರಿಸುವ ಮುನ್ನ ಒಂದೇ ರೂಪಕ್ಕೆ ತರುವ ಸಂಸ್ಕಾರ ಅಗತ್ಯ. 2014ರಲ್ಲಿ ಬಂದ ಸ್ವಿಫ್ಟ್ ಭಾಷೆಯು ಈ ಸಮಾನತೆಯನ್ನು ತನ್ನ ಅಕ್ಷರಮಾಲೆಗಳ ಸಮತ್ವದಲ್ಲಿಯೇ ಅಡಗಿಸಿರುವುದರಿಂದ ಅಲ್ಲಿ ಎರಡು ಹಾವೇರಿಗಳೂ ಒಂದೇ ಕೀಲಿ.

ಭೂದಾಖಲೆಗಳಲ್ಲಿ ಸಂಯುಕ್ತ ಕೀಲಿ

ಕರ್ನಾಟಕದಲ್ಲಿ ಸಂಯುಕ್ತ ಕೀಲಿಯ ಅತ್ಯಂತ ವಿಸ್ತಾರವಾದ ಬಳಕೆಯನ್ನು ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ ನೋಡಬಹುದು. ಇಪ್ಪತ್ತನೆಯ ಶತಮಾನದ ಅಂತ್ಯದಲ್ಲಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ತಂತ್ರಾಂಶದೊಡನೆ ಕೈಗೊಂಡ ಈ ಕಾರ್ಯವು ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು (ಉತಾರಗಳನ್ನು) ಗಣಕಕ್ಕೆ ಏರಿಸಿತು. ದತ್ತಾಂಶ ಕೋಷ್ಟಕದಲ್ಲಿ ಅನೇಕ ಅಂಕಣಗಳು ಕೂಡಿಯೇ ಪ್ರಧಾನ ಕೀಲಿಯಾಗಬಹುದೆಂಬ ತತ್ತ್ವವನ್ನು ಎಡ್ಗರ್ ಕಾಡ್ 1970ರಲ್ಲಿಯೇ ಪ್ರತಿಪಾದಿಸಿದ್ದನು; ಇಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಅದಕ್ಕೆ ಸೇರುವ ಸರ್ನೋಕ್ ಎಂಬ ಉಪಗುರುತು, ಹಿಸ್ಸೆ ಎಂಬ ಏಳು ಅಂಗಗಳನ್ನು ಕ್ರಮವಾಗಿ ಆರಿಸಿದ ಮೇಲೆ ಪಹಣಿ ತೆರೆಯುತ್ತದೆ. ಸರ್ನೋಕ್ ಇಲ್ಲದ ಹೊಲಕ್ಕೆ ಆ ಸ್ಥಾನವನ್ನು ಬರಿದಾಗಿ ಬಿಡದೆ ನಕ್ಷತ್ರ ಚಿಹ್ನೆಯನ್ನು ಇಡಲಾಗುತ್ತದೆ. ಒಂದು ಅಂಗ ಲುಪ್ತವಾದರೆ ಮುಂದಿನದು ಅದರ ಸ್ಥಾನಕ್ಕೆ ಸರಿದು ಬೇರೊಂದು ಕೀಲಿಯಾಗದಿರಲೆಂಬ ಎಚ್ಚರ ಇದರಲ್ಲಿದೆ.

ಅಂಗವಿಕಾರದ ಪ್ರಶ್ನೆ ಅತ್ಯಂತ ಪ್ರಬಲವಾಗಿ ಎದ್ದುಕಾಣುವುದೂ ಇಲ್ಲಿಯೇ. ಫ್ಲೀಟ್ ಶಾಸನವನ್ನು ಪ್ರಕಟಿಸಿದಾಗ ಹತ್ತಿಮತ್ತೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಕರಜಗಿ ತಾಲ್ಲೂಕಿನಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಧಾರವಾಡದಿಂದ ಹಾವೇರಿ ಜಿಲ್ಲೆ ಬೇರ್ಪಟ್ಟಿತು. ತಾಲ್ಲೂಕು ಈಗ ಸವಣೂರು. ಒಂದೇ ಶತಮಾನದೊಳಗೆ ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಬದಲಾಗಿ, ಊರಿನ ಹೆಸರೊಂದೇ ಉಳಿದುಕೊಂಡಿತು. ಆ ಹೆಸರುಗಳನ್ನೇ ಕೀಲಿಯಾಗಿ ಇಟ್ಟುಕೊಂಡ ಯಾವ ದಫ್ತರವೂ ಪ್ರತಿ ಬದಲಾವಣೆಗೂ ರೂಬಿ ಭಾಷೆಯ ರೀಹ್ಯಾಶ್ ವಿಧಾನದಂತೆ ಸಮಸ್ತ ದಾಖಲೆಗಳನ್ನೂ ಮರುಜೋಡಣೆ ಮಾಡಬೇಕಾಗುವುದು.

ಈ ಕಾರಣದಿಂದ ಅರ್ಥವಿಲ್ಲದ, ಆದ್ದರಿಂದಲೇ ಬದಲಾಗಬೇಕಿಲ್ಲದ ಸಂಖ್ಯೆಗಳತ್ತ ಆಡಳಿತ ಒಲಿದಿದೆ. 2011ರ ಜನಗಣತಿಯು ಪ್ರತಿ ಗ್ರಾಮಕ್ಕೂ ಆರು ಅಂಕಿಗಳ ಸ್ಥಿರ ಸಂಕೇತವನ್ನು ಕೊಟ್ಟಿತು. 2021ರಿಂದ ಕೇಂದ್ರ ಸರಕಾರವು ಜಮೀನಿನ ತುಣುಕುಗಳಿಗೆ ಅವುಗಳ ಅಕ್ಷಾಂಶ ರೇಖಾಂಶಗಳನ್ನು ಆಧರಿಸಿದ 14 ಸ್ಥಾನಗಳ ಗುರುತುಸಂಖ್ಯೆಯನ್ನು ಕೊಡುವ ಕಾರ್ಯವನ್ನು ಆರಂಭಿಸಿದೆ. ಆದಾಗ್ಯೂ ಉತಾರಕ್ಕಾಗಿ ಬಂದ ರೈತನು ಹದಿನಾಲ್ಕು ಸ್ಥಾನಗಳ ಆ ಗುರುತನ್ನು ಹೇಳದೆ ಊರು, ನಂಬರು, ಹಿಸ್ಸೆಗಳನ್ನೇ ಹೇಳುವನಾದುದರಿಂದ, ಆ ಮಾತಿನಿಂದ ಸಂಕೇತಕ್ಕೆ ಒಯ್ಯುವ ಕೋಷ್ಟಕವೊಂದು ಎಲ್ಲಿಯಾದರೂ ಇರಲೇಬೇಕು. ಅದರ ಕೀಲಿ ಪುನಃ ಸಂಯುಕ್ತವೇ ಆಗಿರುತ್ತದೆ.